ಪರದೆಯ ಮೇಲಿನ ನೋಟ್ಸು

ಯಂತ್ರಗಳನ್ನು ಕಂಡರೆ ನನಗೆ ಭಯವೇನಿಲ್ಲ; ದೂರದಿಂದ ಗೌರವಿಸುತ್ತೇನೆ, ಅಷ್ಟೆ. ಮನೆಯ ಮಿಕ್ಸಿಯನ್ನು ಕೂಡ ಹೆಂಡತಿಯ ಅನುಮತಿಯಿಲ್ಲದೆ ಮುಟ್ಟಿದವನಲ್ಲ. ಹಲಸೂರಿನ ಖಾಸಗಿ ಶಾಲೆಯೊಂದರಲ್ಲಿ ಏಳು ವರ್ಷ ತಾತ್ಕಾಲಿಕ ಕನ್ನಡ ಮೇಷ್ಟ್ರಾಗಿದ್ದ ನನಗೆ ಸೀಮೆಸುಣ್ಣವೇ ಸಾಕಾಗಿತ್ತು. ನಾನು ಬೋರ್ಡಿನ ಮೇಲೆ ನೋಟ್ಸು ಬರೆಯುವುದು, ಮಕ್ಕಳು ಅದನ್ನು ನೋಡಿಕೊಂಡು ಬರೆದುಕೊಳ್ಳುವುದು. ಎರಡೂ ಕಡೆಯವರಿಗೆ ಆಯಾಸವಿಲ್ಲದ ಒಪ್ಪಂದ.

ಅಷ್ಟರಲ್ಲಿ ಶಾಲೆಗೆ ಕಂಪ್ಯೂಟರೂ ಪ್ರೊಜೆಕ್ಟರೂ ಬಂದವು. ನಮ್ಮ ಹೆಡ್‌ಮಿಸ್ಟ್ರೆಸ್ ಮೇಡಂ ಅವರ ಮನೆಮಾತು ತಮಿಳು; ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಒಂದು ದಿನ ಕರೆದು, “ಲ್ಯಾಂಗ್ವೇಜ್ ಟೀಚರ್ಸ್ ಯಾರೂ ಕಂಪ್ಯೂಟರ್ ರೂಮ್ ಒಳಗೇ ಬರ್ತಿಲ್ಲ ಸರ್. ನೀವು ಒಂದು ಕ್ಲಾಸ್ ಮಾಡಿ ತೋರ್ಸಿ, ನಾನೇ ಬಂದು ನೋಡ್ತೀನಿ. ಆಮೇಲೆ ನಿಮ್ದು ಕನ್ಫರ್ಮೇಶನ್ ಬಗ್ಗೆ ಮಾತಾಡೋಣ” ಎಂದರು. ಕೆಲಸ ಖಾಯಂ ಆಗುವುದಾದರೆ ಆ ಪ್ರೊಜೆಕ್ಟರನ್ನು ತಲೆಯ ಮೇಲೆ ಹೊತ್ತು ಕೆ.ಆರ್. ಪುರದ ನಮ್ಮ ಮನೆಯವರೆಗೆ ನಡೆಯಲೂ ನಾನು ಸಿದ್ಧನಿದ್ದೆ.

ಮನೆ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಮೂರು ಸಂಜೆ ಒಂದೇ ಬೆರಳಿನಿಂದ ಕುಟ್ಟಿ ಪಾಠದ ಸಾರಾಂಶವನ್ನು ಫ್ಲಾಪಿಗೆ ತುಂಬಿಸಿಕೊಂಡೆ. ಅಲ್ಲಿದ್ದ ಕನ್ನಡ ಫಾಂಟು ಶಾಲೆಯ ಕಂಪ್ಯೂಟರಿನಲ್ಲೂ ಇರಬೇಕೆಂದು ಯಾರೂ ಹೇಳಿರಲಿಲ್ಲ. ಎಂಟನೇ ತರಗತಿಯ ಮುಂದೆ ಪರದೆ ಬೆಳಗಿದಾಗ ಅಲ್ಲಿ ಕನ್ನಡದ ಒಂದಕ್ಷರವೂ ಇಲ್ಲ! ಎಲ್ಲ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಟೋಪಿ, ಚುಕ್ಕೆ, ನಡುನಡುವೆ ಪೌಂಡಿನ ಗುರುತು. ಮೇಡಂ ಕೊನೆಯ ಬೆಂಚಿನಲ್ಲಿ ಕುಳಿತಿದ್ದರು.

“ಬರೀಬೇಡಿ” ಎನ್ನಲು ಬಾಯಿ ತೆರೆದೆ. ಮಕ್ಕಳು ಆಗಲೇ ತಲೆ ಬಗ್ಗಿಸಿ, ಟೋಪಿ, ಚುಕ್ಕೆ ಒಂದನ್ನೂ ಬಿಡದೆ ಬರೆಯತೊಡಗಿದ್ದರು. ಮುಂದಿನ ಬೆಂಚಿನ ಶಾಹೀನ್ ಎದ್ದು ನಿಂತು, “ಸರ್, ಸೈಡ್ ಹೆಡ್ಡಿಂಗಿಗೆ ಅಂಡರ್‌ಲೈನ್ ಹಾಕ್ಬೇಕಾ?” ಎಂದಳು.

“ಹಾಕಮ್ಮಾ, ಸ್ಕೇಲ್ ಇಟ್ಟು ಹಾಕು” ಎಂದೆ. ನಾಚಿಕೆಯಾಯಿತು, ನಿಜ. ಆದರೆ ಖಾಯಂ ಆಗುವ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು. ಬಾಯಿಪಾಠವಿದ್ದ ಪಾಠವನ್ನು ಪರದೆಯತ್ತ ಕೋಲು ತೋರಿಸುತ್ತಾ ಒಪ್ಪಿಸಿದೆ.

ಗಂಟೆ ಹೊಡೆದಾಗ ಮೇಡಂ ಬಂದು ಕೈ ಕುಲುಕಿದರು. “ಏನ್ ಸೈಲೆನ್ಸ್ ಸರ್! ಕನ್ನಡ ಕೂಡ ಇಂಗ್ಲಿಷ್ ಲೆಟರ್ಸಲ್ಲಿ! ತುಂಬಾ ಮಾಡರ್ನ್!” ಆ ವಾರವೇ ಖಾಯಂ ಆದೇಶ ಕೈಗೆ ಬಂತು.

ಅದರ ಹಿಂದೆಯೇ ತಿದ್ದಲು ನೋಟ್ಸ್ ಪುಸ್ತಕಗಳ ರಾಶಿಯೂ ಬಂತು. ಇಷ್ಟು ವರ್ಷ ನನ್ನ ಬೋರ್ಡನ್ನೂ ಮಕ್ಕಳು ಹೀಗೇ, ಏನಿದೆಯೆಂದು ನೋಡದೆ, ಬರೆದುಕೊಂಡರೇ ಎಂದು ನಿಜಕ್ಕೂ ಸಂಕಟವಾಯಿತು. ಈ ಕಾಲದ ಮಕ್ಕಳಿಗೆ ಓದಿ ನೋಡುವ ಅಭ್ಯಾಸವೇ ಇಲ್ಲವಲ್ಲ ಎಂದು ಕೊರಗುತ್ತಾ ಕೆಂಪು ಪೆನ್ನು ಆಡಿಸುತ್ತಿದ್ದೆ. ಕೊರಗು ಮುಗಿದು ಕೆಳಗೆ ನೋಡಿದರೆ, ಅಷ್ಟೂ ಪುಸ್ತಕಗಳಿಗೆ ರೈಟ್ ಹಾಕಿ, ‘ಉತ್ತಮ’ ಎಂದು ಬರೆದು ಸಹಿ ಮಾಡಿಬಿಟ್ಟಿದ್ದೆ. ಏನೂ ಬರೆಯದೆ ಪುಟ ಖಾಲಿ ಬಿಟ್ಟಿದ್ದ ಒಬ್ಬಳಿಗೆ ಮಾತ್ರ, ‘ಪಾಠದ ಕಡೆ ಗಮನವಿಲ್ಲ’ ಎಂದು ಬರೆದಿದ್ದೆ.