ನಾನು ಬದಲಿಸಿದ ಡ್ರೈವರ್

ನಾನು ಬಿ.ಎಸ್ಸಿ. ಪಾಸಾದವನು. ಮುಖ್ಯ ವಿಷಯ ಭೌತಶಾಸ್ತ್ರ. ವೇಗ, ಘರ್ಷಣೆ, ಜಡತ್ವ ಇವುಗಳ ಬಗ್ಗೆ ಜಗತ್ತು ಎಂದಾದರೂ ನನ್ನ ಅಭಿಪ್ರಾಯ ಕೇಳೀತೆಂಬ ಭರವಸೆಯಲ್ಲಿ ಮೊರಬದ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದೆ. ಮೊರಬ ನನ್ನ ಹೆಂಡತಿ ಗಿರಿಜಾಳ ತವರು. ವಾಸ ಮಾವನವರ ಮನೆಯಲ್ಲಿಯೇ. ಆ ಮನೆಯಲ್ಲಿ ಬಿತ್ತನೆಯ ಬಗ್ಗೆ ಆಳುಗಳನ್ನು ಕೇಳುತ್ತಿದ್ದರು, ಮಳೆಯ ಬಗ್ಗೆ ಅಜ್ಜಿಯನ್ನು ಕೇಳುತ್ತಿದ್ದರು. ನನ್ನನ್ನು ಮಾತ್ರ ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ?’ ಎಂಬುದೊಂದನ್ನು ಬಿಟ್ಟರೆ ಯಾರೂ ಏನೂ ಕೇಳುತ್ತಿರಲಿಲ್ಲ. ಒಮ್ಮೆಯಾದರೂ ಮಾವನವರು ‘ಅಳಿಯಂದಿರು ಏನಂತಾರ, ಕೇಳೂಣು’ ಎನ್ನಬೇಕು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನನ್ನ ಜೀವನದ ಗುರಿ ಅದೊಂದೇ.

ಆ ಅವಕಾಶ ಟ್ರ್ಯಾಕ್ಟರ್ ಹತ್ತಿ ಬಂತು.

ಸುಗ್ಗಿ ಮುಗಿದು ಎರೆಹೊಲಗಳು ಖಾಲಿಯಾದ ಮೇಲೆ ಸುತ್ತಲಿನ ಊರವರು ಸೇರಿ ಟ್ರ್ಯಾಕ್ಟರ್ ಓಟ ಇಡುತ್ತಿದ್ದರು. ಹೊಲದ ಈ ತುದಿಯಿಂದ ಹೊರಟು, ಆ ತುದಿಯಲ್ಲಿ ನೆಟ್ಟ ಕೆಂಪು ಬಾವುಟವನ್ನು ಸುತ್ತಿ ತಿರುಗಿ ಬರಬೇಕು. ಮೂರು ವರ್ಷ ಸತತವಾಗಿ ಶಲವಡಿಯವರು ಗೆದ್ದಿದ್ದರು. ಮೂರು ವರ್ಷವೂ ನಮ್ಮ ಮಾವನವರ ಟ್ರ್ಯಾಕ್ಟರ್ ಎರಡನೆಯದು. ಆದ್ದರಿಂದ ಮುಂದಿನ ಓಟಕ್ಕೆ ಆರು ತಿಂಗಳಿರುವಾಗಲೇ ಚನ್ನಪ್ಪನ ಚಹಾದ ಅಂಗಡಿಯಲ್ಲಿ ಚರ್ಚೆ ಕಾವೇರಿತ್ತು.

“ನಮ್ಮ ಗಾಡಿ ಅಗದಿ ಹೊಸಾದು. ಅವರದು ಡಬ್ಬಾ. ಹಂಗಾರ ತಪ್ಪು ಎಲ್ಲೈತಿ?” ಎಂದ ಚನ್ನಪ್ಪ, ಚಹಾ ಸೋಸುತ್ತ.

“ಟೈರ್‌ನ್ಯಾಗ,” ಎಂದನೊಬ್ಬ.

“ಟೈರ್ ಅಲ್ಲಲೇ, ಡ್ರೈವರ್‌ನ್ಯಾಗ. ಫಕೀರಪ್ಪ ಬಾವುಟದ ಹಂತ್ಯಾಕ ಬಂದಾಂದ್ರ ಹೊಸಾ ಸೊಸಿ ಹೊಸ್ತಲಾ ದಾಟಿದಂಗ ದಾಟ್ತಾನ.”

ಫಕೀರಪ್ಪ ಹತ್ತು ವರ್ಷಗಳಿಂದ ಮಾವನವರ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಅಲ್ಲೇ ಮೂಲೆಯಲ್ಲಿ ಕೂತಿದ್ದ. “ಜೋರ್ ತಿರುಗಿಸಿದ್ರ ಗಾಡಿ ಉಳ್ಳಿ ಬೀಳೂದು ಜಲ್ದಿ ಆಗ್ತೈತ್ರಿ. ಮನಿ ಮುಟ್ಟೂದ ತಡಾ,” ಎಂದ. ಯಾರೂ ಕಿವಿಗೊಡಲಿಲ್ಲ. ಏಕೆಂದರೆ ಅಷ್ಟರಲ್ಲಿ ನಾನು ಕೆಮ್ಮಿದ್ದೆ.

ನನ್ನ ಕೈಯಲ್ಲಿ ಎರಡು ದಿನ ಹಳೆಯ ಇಂಗ್ಲಿಷ್ ಪತ್ರಿಕೆಯಿತ್ತು. ಅದರಲ್ಲಿ ಕಾರ್ ಓಟದ ಸುದ್ದಿಯಿತ್ತು.

“ಪರದೇಶದಾಗ ಡ್ರೈವರ್ ಮಾರಿ ನೋಡೂದಿಲ್ರಿ,” ಎಂದೆ. “ಸೋತ್ರ ಬದ್ಲಿ. ಎದುರಾಳಿ ಕಡೆ ಛಲೋ ಡ್ರೈವರ್ ಇದ್ರ ಅಂವನ್ನ ತಮ್ಮ ಕಡೆ ಎಳಕೋತಾರ. ಸಣ್ಣ ಗಾಡಿಯೊಳಗ ಗೆದ್ದಾಂವಗ ದೊಡ್ಡ ಗಾಡಿ ಕೊಡ್ತಾರ.”

“ಶಲವಡ್ಯಾಗ ಯಲ್ಲಪ್ಪ ಅದಾನಲ್ರಿ ಮಾಸ್ತರ್ರ. ಖಾಲಿ ಚಕ್ಕಡಿ ಓಟದಾಗ ಅಂವನ್ನ ಹಿಂದ ಹಾಕಿದಾಂವ ಇನ್ನೂ ಹುಟ್ಟಿಲ್ಲ,” ಎಂದ ಇನ್ನೊಬ್ಬ.

“ಅಂವ ಎತ್ತು ಹೊಡಿಯಾಂವಪಾ,” ಎಂದ ಚನ್ನಪ್ಪ.

“ವೇಗ ಅಂದ್ರ ವೇಗ,” ಎಂದೆ ನಾನು. “ಎತ್ತಿಗೊಂದು ಭೌತಶಾಸ್ತ್ರ, ಎಂಜಿನ್ನಿಗೊಂದು ಭೌತಶಾಸ್ತ್ರ ಅಂತ ಇಲ್ಲ.”

ಈ ಮಾತು ನನಗಿಂತ ಮೊದಲೇ ಮನೆ ಮುಟ್ಟಿತು. ಊಟಕ್ಕೆ ಕೂತಾಗ ಮಾವನವರು ಮೀಸೆ ಒರೆಸಿಕೊಂಡು, “ಅಳಿಯಂದಿರ, ಯಲ್ಲಪ್ಪನ ವಿಚಾರದಾಗ ನೀವು ಏನಂತೀರಿ?” ಎಂದರು. ನಾನು ರೊಟ್ಟಿ ತಾಟಿನಲ್ಲಿಟ್ಟು, “ಕರಸ್ರಿ,” ಎಂದೆ.

“ಅಪ್ಪಾ, ಇವರು ನಿನ್ನಿ ಸೈಕಲ್ ಇಳೀಲಿಕ್ಕೆ ಗ್ವಾಡಿ ಹಿಡಕೊಂಡಾರ,” ಎಂದಳು ಗಿರಿಜಾ. “ಇವರನ್ನ ಕೇಳ್ತಿಯಲ್ಲ!”

ಆದರೆ ಇತಿಹಾಸದ ಗಾಲಿ ಉರುಳಿಯಾಗಿತ್ತು.

ಸುಗ್ಗಿಯ ಕೊನೆಗೆ ಯಲ್ಲಪ್ಪ ಬಂದ. ಫಕೀರಪ್ಪ ಚಾವಿ ಕೊಟ್ಟು, “ಕಾಲು ಬ್ರೇಕಿನ ಮ್ಯಾಲಿರ್ಲಿ ತಮ್ಮಾ,” ಎಂದಷ್ಟೇ ಹೇಳಿ ಬೀಡಿ ಹುಡುಕುತ್ತ ಹೋದ. ಹದಿನೈದು ದಿನ ತರಬೇತಿ. ಯಲ್ಲಪ್ಪ ಚೆನ್ನಾಗಿಯೇ ಕಲಿತ. ಒಂದೇ ಒಂದು ವಿಶೇಷ: ಗಾಡಿ ನಿಲ್ಲಿಸುವಾಗ ಬ್ರೇಕ್ ಒತ್ತುತ್ತ ಮೆಲ್ಲಗೆ ‘ಹೋ’ ಎನ್ನುತ್ತಿದ್ದ. ಅದು ಯಂತ್ರದ ಮೇಲಿನ ಪ್ರೀತಿ ಎಂದು ನಾನು ತಿಳಿದೆ. ಮೆಚ್ಚಿಕೊಂಡೆ ಕೂಡ.

ಓಟದ ದಿನ ತಾಂತ್ರಿಕ ಸಲಹೆಗಾರನ ಹುದ್ದೆಯನ್ನು ನಾನೇ ಸೃಷ್ಟಿಸಿಕೊಂಡು ಮಡ್‌ಗಾರ್ಡಿನ ಮೇಲೆ ಕೂತೆ. ಮಾವನವರು ಯಲ್ಲಪ್ಪ ಬಾವುಟ ಸುತ್ತುವ ಸೊಗಸನ್ನು ಕಣ್ಣಾರೆ ನೋಡಬೇಕೆಂದು, ಬಾವುಟದ ಆಚೆ, ಮೇವಿನ ಬಣವೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು.

ಸೀಟಿ ಊದಿದರು. ಯಲ್ಲಪ್ಪ ಕೈ ಹತ್ತಿರದ ಎಕ್ಸಿಲರೇಟರ್ ಹಿಡಿಕೆಯನ್ನು ಪೂರ್ತಿ ಎಳೆದ. ಆ ಹಿಡಿಕೆ ಎಳೆದಲ್ಲೇ ನಿಲ್ಲುತ್ತದೆ. ಕಾಲಿನ ಹಂಗಿಲ್ಲದೆ ಗಾಡಿ ಓಡುತ್ತಲೇ ಇರುತ್ತದೆ. ನಾವು ಮುಂದೆ. ಶಲವಡಿಯವರು ಹಿಂದೆ. ಜನ ಸಿಳ್ಳೆ ಹೊಡೆಯುತ್ತಿದ್ದರು. ನಾನು ಟವೆಲ್ ಬೀಸಿದೆ. ಆ ಸಂಭ್ರಮದಲ್ಲಿ ಯಲ್ಲಪ್ಪ ಚಕ್ಕಡಿಯ ಮೇಲೆ ನಿಲ್ಲುವಂತೆ ಎದ್ದು ನಿಂತುಬಿಟ್ಟ. ಬ್ರೇಕು ಎಲ್ಲೋ, ಕಾಲು ಎಲ್ಲೋ.

ಬಾವುಟ ಬಂತು. ಯಲ್ಲಪ್ಪ ಹಿಂದಕ್ಕೆ ಬಾಗಿ, ಸ್ಟೇರಿಂಗನ್ನು ಎರಡೂ ಕೈಯಿಂದ ಎತ್ತಿನ ಹಗ್ಗದಂತೆ ಎದೆಗೆ ಎಳೆದುಕೊಂಡು, “ಹೋ... ಹೋ...” ಎಂದ. ಟ್ರ್ಯಾಕ್ಟರ್ ಬಾವುಟವನ್ನು ಸುತ್ತಲಿಲ್ಲ. ಕೆಡವಿತು. ಮುಂದೆ ಬಣವೆ. ಬಣವೆಯ ಮುಂದೆ ಕುರ್ಚಿ. ಕುರ್ಚಿಯಲ್ಲಿ ಮಾವನವರು.

ಇಂದಿಗೂ ಕಣ್ಣು ಮುಚ್ಚಿದರೆ ಆ ಕುರ್ಚಿ ದೊಡ್ಡದಾಗುತ್ತ ಬರುತ್ತದೆ. ‘ಬ್ರೇಕ್ ಒತ್ತು’ ಎಂದರೆ ಸಾಕಿತ್ತು. ಇಲ್ಲವೆ ಕೈ ಚಾಚಿ ಎಂಜಿನ್ ಬಂದ್ ಮಾಡುವ ಗುಂಡಿ ಎಳೆಯಬಹುದಿತ್ತು. ಅದು ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಮೂರು ವರ್ಷ ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರವೆಲ್ಲ ನನ್ನ ನಾಲಿಗೆಗೆ ಬಂದು ಒಂದೇ ಅಕ್ಷರವಾಗಿ ಹೊರಬಿತ್ತು.

“ಹೋ! ಹೋ! ಹೋ!”

ಯಲ್ಲಪ್ಪನಿಗಿಂತ ಜೋರಾಗಿ ಕೂಗಿದವನು ನಾನು. ಬದುವಿನ ಪಕ್ಕದ ದಾರಿಯಲ್ಲಿ ಹೊರಟಿದ್ದ ಯಾರದೋ ಚಕ್ಕಡಿಯ ಎತ್ತುಗಳು ಗಪ್ಪನೆ ನಿಂತವು. ಟ್ರ್ಯಾಕ್ಟರ್ ನಿಲ್ಲಲಿಲ್ಲ.

ಅರವತ್ತು ವರ್ಷದ ಮಾವನವರು ಕರುವಿನಂತೆ ಪಕ್ಕಕ್ಕೆ ಜಿಗಿದರು. ಮರುಕ್ಷಣ ಕುರ್ಚಿ ಗಾಲಿಯ ಕೆಳಗೆ, ನಾವು ಬಣವೆಯ ಒಳಗೆ. ಗಾಲಿಗಳು ಇನ್ನೂ ಮೇವು ತೂರುತ್ತಿದ್ದವು. ಫಕೀರಪ್ಪ ಓಡಿ ಬಂದು, ಮೇವಿನಲ್ಲಿ ಕೈಯಾಡಿಸಿ, ಮೊದಲು ನನ್ನ ಮೂಗು ಎಳೆದ. ಆಮೇಲೆ ಸರಿಯಾದ ಗುಂಡಿ ಎಳೆದ. ಎಂಜಿನ್ ನಿಂತಿತು.

ಮಾವನವರು ರುಮಾಲು ಝಾಡಿಸುತ್ತ ಬಂದರು.

“ಎಲ್ಲಾರೂ ಜೀವಂತ ಅದೀರೇನು?”

“ಹೌದ್ರಿ,” ಎಂದಿತು ಮೇವು, ಎರಡು ದನಿಯಲ್ಲಿ.

“ಹಂಗಾರ ಅಳಿಯಂದಿರ, ಈಗ ಏನಂತೀರಿ?”

ನಾನು ಬಾಯಲ್ಲಿದ್ದ ಮೇವು ಉಗುಳುವುದರಲ್ಲಿದ್ದೆ.

ಮರುದಿನವೇ ಚನ್ನಪ್ಪನ ಅಂಗಡಿಯಲ್ಲಿ ಮುಂದಿನ ಓಟದ ಚರ್ಚೆ ಶುರುವಾಯಿತು. ಎಲ್ಲರೂ ಫಕೀರಪ್ಪನನ್ನು ಬೇಡಿಕೊಂಡರು. ಅವನು ಒಂದೇ ಷರತ್ತು ಹಾಕಿದ. “ಗಾಡಿ ನಾ ಹೊಡೀತೀನ್ರಿ. ಯಲ್ಲಪ್ಪನೂ ಬಾಜೂಕಿರ್ಲಿ, ಕಲೀತಾನ. ಮಡ್‌ಗಾರ್ಡ್ ಮ್ಯಾಲಿನವರನ್ನಷ್ಟ ಬದ್ಲಿ ಮಾಡ್ರಿ.” ಆ ಅಂಗಡಿಯಲ್ಲಿ ಒಂದು ಠರಾವು ಸರ್ವಾನುಮತದಿಂದ ಪಾಸಾದದ್ದು ಅದೇ ಮೊದಲು.

ಮನೆಯಲ್ಲೂ ಎಲ್ಲ ಮೊದಲಿನಂತಾಯಿತು. ಆ ರಾತ್ರಿ ಊಟಕ್ಕೆ ಕೂತಿದ್ದೆ. “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎನ್ನುತ್ತ ಗಿರಿಜಾಳ ಕೈ ನನ್ನ ತಾಟಿನ ಕಡೆ ವೇಗವಾಗಿ ಬಂತು. ಸಾಕು ಎನ್ನಬೇಕೆಂದು ಬಾಯಿ ತೆರೆದೆ.

“ಹೋ,” ಎಂದೆ.

ರೊಟ್ಟಿ ನಡುದಾರಿಯಲ್ಲೇ ನಿಂತಿತು. ಆ ಮನೆಯಲ್ಲಿ ನನ್ನ ಮಾತಿಗೆ ಏನಾದರೂ ನಿಂತದ್ದಿದ್ದರೆ ಅದೊಂದೇ.