ಸಿದ್ದಕಟ್ಟೆಯಲ್ಲಿ ಪಿಯಾನೋ

ಇಯರ್‌ಫೋನು ಅಂಗಿಯ ಜೇಬಿನಲ್ಲೇ ಉಳಿದು, ಅಂಗಿಯ ಜೊತೆ ವಾಷಿಂಗ್ ಮೆಷಿನ್ನಿನಲ್ಲಿ ಮುಕ್ಕಾಲು ಗಂಟೆ ತಿರುಗಿತು. ಹೊರಗೆ ಬಂದಾಗ ಬಹಳ ಶುಭ್ರವಾಗಿತ್ತು. ಶಬ್ದ ಮಾತ್ರ ಬರುತ್ತಿರಲಿಲ್ಲ.

“ಜೇಬು ನೋಡಿ ಹಾಕಬೇಕಲ್ವಾ ತ್ರಿಶಾ?” ಎಂದ ಜಿನೇಶ.

“ಜೇಬು ಖಾಲಿ ಮಾಡಿ ಕೊಡಬೇಕಲ್ವಾ ನೀವು?” ಎಂದಳು ಹೆಂಡತಿ. “ಮೂರು ತಿಂಗಳಿಂದ ಕೇಳದ್ದನ್ನು ಇವತ್ತೇ ಕೇಳ್ಲಿಕ್ಕೆ ಉಂಟಾ?”

ಇವತ್ತೇ ಕೇಳಲಿಕ್ಕಿತ್ತು. ಜಿನೇಶ ಮೂಡುಬಿದಿರೆಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠದ ಮೇಷ್ಟ್ರು. ಈ ವರ್ಷ ಮಕ್ಕಳು ಕಡಿಮೆಯಾಗಿ ಸಮಾಜಕ್ಕೆ ಒಬ್ಬರು ಮೇಷ್ಟ್ರು ಹೆಚ್ಚಾಗಿದ್ದರು. ಆ ಹೆಚ್ಚಾದವನು ಜಿನೇಶ. ಒಂಬತ್ತನೆಯ ತರಗತಿಗೆ ಹೊಸದಾಗಿ ಬಂದ ‘ಸಂಗೀತ ಪರಿಚಯ’ ಎಂಬ ವಿಷಯವನ್ನು ಕಲಿಸುವ ಅರ್ಹತೆ ಪಡೆದರೆ ಅವನು ಮೂಡುಬಿದಿರೆಯಲ್ಲೇ ಉಳಿಯಬಹುದು. ಇಲ್ಲದಿದ್ದರೆ ಬೆಳ್ತಂಗಡಿಯ ಶಾಖೆಗೆ ವರ್ಗ.

ಬೆಳ್ತಂಗಡಿ ಒಳ್ಳೆಯ ಊರೇ. ಆದರೆ ಅಲ್ಲಿ ಜಿನೇಶನ ಮಾವನ ಮನೆ ಇತ್ತು. ಮಾವ ಪದ್ಮಯ್ಯನವರು ನಿವೃತ್ತ ಹೆಡ್‌ಮಾಸ್ಟರು. ಬೆಳಿಗ್ಗೆ ಪೇಪರು ಓದಿ, ತಿಂಡಿಯ ಹೊತ್ತಿಗೆ ಅದರ ಮೇಲೆ ಪ್ರಶ್ನೆ ಕೇಳುವವರು. ಜೈನರ ನೇಮದಂತೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಅಡುಗೆಮನೆಯ ದೀಪ ಆರಿಸುವವರು. ಜಿನೇಶನೂ ಜೈನನೇ. ಆದರೆ ಅವನಿಗೆ ಹಸಿವಾಗುವುದೇ ಸಂಜೆ ಏಳೂವರೆಗೆ, ಅವನ ಮನೆ ಇರುವ ಬಿ.ಸಿ.ರೋಡಿನ ಚುರುಮುರಿಯವನು ಡಬ್ಬ ಅಲುಗಿಸಲು ತೊಡಗಿದ ಮೇಲೆ. ಅಳಿಯನಿಗೆ ವರ್ಗವಾಗಬಹುದು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಮಾವ ಮಹಡಿಯ ಕೋಣೆಗೆ ಪೈಂಟ್ ಮಾಡಿಸಿದ್ದರು.

ಪರೀಕ್ಷೆ ಹನ್ನೊಂದು ಗಂಟೆಗೆ. ಪಠ್ಯಕ್ಕೆ ಗೊತ್ತುಮಾಡಿದ ರಚನೆಗಳು ಎಂಟು. ಸಾವಿರ ವರ್ಷ ಹಿಂದಿನ ಕ್ರೈಸ್ತ ಸನ್ಯಾಸಿಗಳ ಸ್ತೋತ್ರದಿಂದ ಹಿಡಿದು ಮೊನ್ನೆ ಮೊನ್ನೆ ಕಂಪ್ಯೂಟರಿನಲ್ಲಿ ಮಾಡಿದ ಸಂಗೀತದವರೆಗೆ. ಒಂದೊಂದನ್ನು ನುಡಿಸಿ ಕೇಳಿಸುತ್ತಾರೆ; ಯಾವ ಕಾಲದ್ದು, ಯಾವ ಶೈಲಿ, ಹೇಗೆ ಗೊತ್ತಾಯಿತು ಎಂದು ಹೇಳಬೇಕು. ಟಿಪ್ಪಣಿಗಳೆಲ್ಲ ಜಿನೇಶನಿಗೆ ಬಾಯಿಪಾಠವಾಗಿದ್ದವು. ಸಂಗೀತ ಮಾತ್ರ ಕೇಳಿರಲಿಲ್ಲ. ಮದುವೆಮನೆಗೆ ಬಂದ ಹೆಂಡತಿ ಕಡೆಯ ನೆಂಟರ ಹಾಗೆ, ಎಂಟೂ ಹೆಸರು ಗೊತ್ತು, ಯಾರು ಯಾರೆಂದು ಗೊತ್ತಿಲ್ಲ.

ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ಅವನು ಫೋನನ್ನು ನೇರ ಕಿವಿಗೆ ಒತ್ತಿಕೊಂಡು ಕುಳಿತ. ಎಂಜಿನ್ ಬಿಟ್ಟು ಬೇರೇನೂ ಕೇಳಿಸಲಿಲ್ಲ.

“ಎಂತ ಮಾಷ್ಟ್ರೇ, ಫೋನಲ್ಲಿ ಬರೀ ಅವರೇ ಮಾತಾಡುವುದಾ? ನಿಮ್ಮದು ಒಂದು ಹೂಂ ಕೂಡ ಇಲ್ಲ?” ಎಂದ ಕಂಡಕ್ಟರ್ ಉಮ್ಮರ್.

ಜಿನೇಶ ವಿಷಯ ಹೇಳಿದ. ಮಾವನ ವಿಷಯವನ್ನೂ ಹೇಳಿದ. ಡ್ರೈವರ್ ಹುಕ್ರಪ್ಪ ಮದುವೆಯಾಗಿ ಇಪ್ಪತ್ತು ವರ್ಷ ಆದವರು. ಅವರಿಗೆ ಕೂಡಲೇ ಅರ್ಥವಾಯಿತು.

“ಬ್ಲೂಟೂತ್ ಉಂಟಲ್ಲ ಮಾರಾಯ್ರೆ. ಬಸ್ಸಿಗೇ ಹಾಕಿ,” ಎಂದರು. “ಇವತ್ತು ನಿಮ್ಮದೇ ಪದ್ಯ.”

ಸ್ತೋತ್ರ ಶುರುವಾಯಿತು. ವಾದ್ಯವಿಲ್ಲ, ತಾಳವಿಲ್ಲ, ಹತ್ತಾರು ಗಂಡಸರು ಒಂದೇ ಸ್ವರದಲ್ಲಿ ಮೆಲ್ಲಗೆ ಹಾಡುತ್ತಿದ್ದರು. ಹತ್ತಲು ಬಂದ ಒಬ್ಬ ಹೆಂಗಸು ಮೆಟ್ಟಿಲಲ್ಲೇ ನಿಂತರು. ಸಿದ್ದಕಟ್ಟೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಪೂವಮ್ಮ ಅವರು.

“ಯಾರು ಹೋದದ್ದು ಉಮ್ಮರ್?”

“ಯಾರೂ ಹೋಗ್ಲಿಲ್ಲ ಪೂವಮ್ಮಕ್ಕ. ಮಾಷ್ಟ್ರಿಗೆ ಪರೀಕ್ಷೆ. ಫೇಲಾದರೆ ಮಾವನ ಮನೆಯಲ್ಲಿ ಇರಬೇಕಂತೆ.”

“ಹಾಗಾದ್ರೆ ಈ ಪದ್ಯ ಸರಿಯೇ ಉಂಟು,” ಎಂದು ಪೂವಮ್ಮ ಹತ್ತಿ ಕುಳಿತರು.

ಎರಡನೆಯದು ಧ್ರುಪದ. ಐನೂರು ವರ್ಷದ್ದು. ಬಂಟ್ವಾಳ ಪೇಟೆಯಲ್ಲಿ ಗಾಯಕರು ‘ಆ’ ಎಂದು ತೊಡಗಿದರು. ಪೇಟೆ ದಾಟಿತು, ನಾಲ್ಕು ಟಿಕೆಟ್ ಹರಿಯಿತು, ಅವರು ಇನ್ನೂ ‘ಆ’ದಲ್ಲೇ ಇದ್ದರು.

“ಇವರಿಗೆ ಎಂತ ಹಲ್ಲು ನೋವಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ನೆನಪಿಟ್ಟುಕೊಳ್ಳಿ ಮಾಷ್ಟ್ರೇ,” ಎಂದ ಉಮ್ಮರ್. “ಬಾಯಿ ತೆರೆದದ್ದು ಬಂಟ್ವಾಳದಲ್ಲಿ, ಮಾತು ಬಂದದ್ದು ಲೊರೆಟ್ಟೊ ಸ್ಟಾಪಿನಲ್ಲಿ.”

ಜಿನೇಶನಿಗೆ ಜ್ಞಾನೋದಯವಾದದ್ದು ಆಗ. ರಾಗ ನೆನಪಿರುವುದಿಲ್ಲ, ಸ್ವರ ನೆನಪಿರುವುದಿಲ್ಲ, ಆದರೆ ಏಳು ವರ್ಷದಿಂದ ಓಡಾಡಿದ ಈ ದಾರಿ? ಒಂದೊಂದು ರಚನೆಯನ್ನು ಒಂದೊಂದು ಸ್ಟಾಪಿನಲ್ಲಿ ಇಳಿಸಿಬಿಟ್ಟರಾಯಿತು.

ಲೊರೆಟ್ಟೊ ಕಳೆದ ಮೇಲೆ ದಾಸರ ಪದ ಬಂತು. ಅರ್ಧ ಬಸ್ಸು ಜೊತೆಗೆ ಹಾಡಿತು. ಅದು ಮುಗಿದು ಮುನ್ನೂರು ವರ್ಷ ಹಿಂದಿನ ಜರ್ಮನಿಯ ಚರ್ಚಿನ ಆರ್ಗನ್ ತೊಡಗುವಾಗ ಬಸ್ಸು ಏರು ಹತ್ತುತ್ತಿತ್ತು. ಹುಕ್ರಪ್ಪ ಗೇರ್ ಬದಲಾಯಿಸಿದರು. ಗುಂಯ್ ಎನ್ನುವುದು ಎಂಜಿನ್ನೋ ಆರ್ಗನ್ನೋ ಯಾರಿಗೂ ತಿಳಿಯಲಿಲ್ಲ. ಏರು ಮುಗಿದರೂ ಗುಂಯ್ ನಿಲ್ಲದಿದ್ದಾಗ ಹುಕ್ರಪ್ಪ ಗಾಬರಿಯಿಂದ ಬದಿಗೆ ನಿಲ್ಲಿಸಿ ಕೆಳಗಿಳಿದು ನೋಡಿ ಬಂದರು.

ರಾಯಿ ಸ್ಟಾಪಿನಲ್ಲಿ ಕರ್ನಾಟಕ ಸಂಗೀತದ ಕೃತಿ ಹತ್ತಿತು. ಸಿದ್ದಕಟ್ಟೆಯಲ್ಲಿ ಬಸ್ಸು ಟೈಮಿಗೆ ಕಾದು ನಿಲ್ಲುವುದುಂಟು. ಅಲ್ಲಿ ಪಿಯಾನೋ ಬಂತು, ಇನ್ನೂರು ವರ್ಷದ್ದು. ಬಸ್ಸು ಹೊರಡಲಿಲ್ಲ. ಪಿಯಾನೋ ಮುಗಿದು ಅಲ್ಲೇ ಜಾಝ್ ಶುರುವಾಯಿತು, ನೂರು ವರ್ಷದ್ದು. ಅದರಲ್ಲೂ ಪಿಯಾನೋ!

“ಅಯ್ಯೋ, ಒಂದೇ ಸ್ಟಾಪಿನಲ್ಲಿ ಎರಡಾಯ್ತು,” ಎಂದು ಜಿನೇಶ ತಲೆ ಹಿಡಿದುಕೊಂಡ. “ಹುಕ್ರಪ್ಪಣ್ಣ, ಒಂದು ಸ್ವಲ್ಪ ಮುಂದೆ ಹೋಗುವ.”

“ಟೈಮಿಂಗ್ ಮಾಷ್ಟ್ರೇ. ಟೈಮಿಗೆ ಮೊದಲು ಹೋದ್ರೆ ಮುಂದೆ ಹೋದ ಬಸ್ಸಿನವ ನನ್ನನ್ನು ತಿಂತಾನೆ.”

ಇಳಿಯಬೇಕಾಗಿದ್ದ ಪೂವಮ್ಮ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. “ಎರಡೂ ಒಂದೇ ಹೇಗಾಗ್ತದೆ? ಮೊದಲಿನವ ಪಾತ್ರೆ ತೊಳೆದು ಚಂದ ಮಾಡಿ ಜೋಡಿಸಿ ಇಡ್ತಾನೆ. ಇವ ಪಾತ್ರೆ ಬೀಳಿಸ್ತಾನೆ. ಬಿತ್ತು ಅಂತ ನಾವು ಹೇಳುವಷ್ಟರಲ್ಲಿ ಹಿಡಿದೂ ಆಗಿರ್ತದೆ. ಅಷ್ಟೂ ಗೊತ್ತಾಗುದಿಲ್ವಾ? ಮಾವನ ಮನೆಗೇ ಹೋಗಿ ನೀವು.” ಹೀಗೆ ಹೇಳಿ ಇಳಿದು ಹೋದರು.

ಕೊನೆಯ ಕಂಪ್ಯೂಟರ್ ಸಂಗೀತ ಮೂಡುಬಿದಿರೆ ಹತ್ತಿರ ಬಂತು. ಸ್ಪೀಕರ್ ಹಾಳಾಯಿತೆಂದು ಹುಕ್ರಪ್ಪ ಅದಕ್ಕೆ ಎರಡು ಬಾರಿ ಗುದ್ದಿದರು.

ಹನ್ನೊಂದು ಗಂಟೆಗೆ ಹೆಡ್‌ಮಿಸ್ ಪದ್ಮಲತಾ ಅವರ ಕೋಣೆಯಲ್ಲಿ ಪರೀಕ್ಷೆ. ಪರೀಕ್ಷಕಿ ಸುಪ್ರೀತಾ ಮಂಗಳೂರಿನಿಂದ ಬಂದಿದ್ದರು. ಚಿಕ್ಕ ಪ್ರಾಯ, ಮೆಲ್ಲನೆಯ ಮಾತು.

“ಕ್ರಮ ತಪ್ಪಿಸಿ ಕೇಳ್ತೇನೆ ಸರ್,” ಎಂದು ಅವರು ಒಂದು ಗುಂಡಿ ಒತ್ತಿದರು.

ಟಿಕ್ ಟಿಕ್ ಗುರ್ ಎಂದಿತು. ಜಿನೇಶ ಎಲ್ಲೋ ಕೇಳಿದ್ದ. ಎಲ್ಲಿ? ನೇರ ನೆನಪಿಗೆ ಬರಲಿಲ್ಲ. ಬಿ.ಸಿ.ರೋಡಿನಿಂದ ಹೊರಟರೆ ಮಾತ್ರ ಬಂದೀತು. ಅವನು ಕಣ್ಣು ಮುಚ್ಚಿದ. ಬಸ್ಸು ಹತ್ತಿದ.

ಹೆಡ್‌ಮಿಸ್ಸರು ನೋಡುತ್ತಿದ್ದಂತೆ ಜಿನೇಶ ಕುರ್ಚಿಯಲ್ಲಿ ಕುಳಿತಲ್ಲೇ ಮೆಲ್ಲಗೆ ಅಲುಗತೊಡಗಿದ. ಬಂಟ್ವಾಳದ ತಿರುವಿನಲ್ಲಿ ಎಡಕ್ಕೆ ವಾಲಿದ. ಏರಿನಲ್ಲಿ ಬೆನ್ನು ಹಿಂದೆ ಹೋಯಿತು. ಹೊಂಡ ಬಂದಾಗ ನಾಲ್ಕು ಬೆರಳು ಮೇಲೆ ಹಾರಿ ಕುಳಿತ. ಸಿದ್ದಕಟ್ಟೆಯಲ್ಲಿ ಅಲುಗಾಟ ನಿಲ್ಲಿಸಿ ಕಾದ. ಆಮೇಲೆ ಒಮ್ಮೆಲೇ ಎದ್ದು, ಇಳಿಯುವವನ ಹಾಗೆ ಎರಡು ಹೆಜ್ಜೆ ಮುಂದೆ ಬಂದ.

“ಮೂಡುಬಿದಿರೆ!” ಎಂದು ಕೂಗಿದ. “ಅಲ್ಲ, ಕಂಪ್ಯೂಟರ್ ಸಂಗೀತ. ಇಪ್ಪತ್ತು ವರ್ಷ ಹಿಂದಿನದ್ದು. ಮನುಷ್ಯರ ಉಸಿರಾಟ ಎಲ್ಲಿಯೂ ಇಲ್ಲ. ಸ್ಪೀಕರ್ ಹಾಳಾದದ್ದಲ್ಲ, ಅದು ಬೇಕೆಂದೇ ಮಾಡಿದ ಶಬ್ದ.”

“ಸರಿ,” ಎಂದರು ಸುಪ್ರೀತಾ. ಅವರ ಪೆನ್ನು ಗಾಳಿಯಲ್ಲೇ ಇತ್ತು.

“ಜಿನೇಶ್ ಸರ್, ತಲೆ ತಿರುಗ್ತದಾ ನಿಮಗೆ? ನೀರು ಕುಡಿಯಿರಿ,” ಎಂದರು ಹೆಡ್‌ಮಿಸ್.

ಧ್ರುಪದ ಬಂತು. ಅದಕ್ಕೆ ಜಿನೇಶ ಹೆಚ್ಚು ದೂರ ಹೋಗಬೇಕಾಗಲಿಲ್ಲ, ಬೇಗ ಇಳಿದ. ಆರ್ಗನ್ನಿಗೆ ಬಲಗಾಲು ತಾನಾಗಿ ಬ್ರೇಕ್ ಹುಡುಕಿತು. ಕೃತಿಗೆ, “ರಾಯಿ ಕಳೀಲಿ, ಹೇಳ್ತೇನೆ,” ಎಂದು ಕೈ ಎತ್ತಿದ. ಬಾಗಿಲಲ್ಲಿ ಅಟೆಂಡರು, ಇಬ್ಬರು ಟೀಚರುಗಳು ಬಂದು ನಿಂತರು. ಆರು ರಚನೆ ಮುಗಿಯಿತು, ಆರೂ ಸರಿ.

ಏಳನೆಯದಕ್ಕೆ ಪಿಯಾನೋ ಕೇಳಿಸಿತು. ಜಿನೇಶ ಸಿದ್ದಕಟ್ಟೆಗೆ ಬಂದು ನಿಂತ. ನಿಂತೇ ಇದ್ದ. ಒಂದು ನಿಮಿಷ ಹೋಯಿತು. ಇಲ್ಲಿ ಇಳಿದ ಪಿಯಾನೋದವರು ಇಬ್ಬರು, ಇವನು ಯಾರು? ಮಾವನ ಮಹಡಿಯ ಕೋಣೆಯ ಹೊಸ ಪೈಂಟಿನ ವಾಸನೆ ಮೂಗಿಗೆ ಬಂದಂತಾಯಿತು.

ಆಗ ಮೆಟ್ಟಿಲ ಮೇಲೆ ನಿಂತ ಪೂವಮ್ಮ ಕಾಣಿಸಿದರು.

“ಇದು ಜಾಝ್,” ಎಂದ. “ಬೀಳಿಸ್ತಾನೆ, ಬೀಳುವ ಮೊದಲೇ ಹಿಡೀತಾನೆ. ಇನ್ನೂರು ವರ್ಷ ಹಿಂದಿನವ ಹಾಗಲ್ಲ. ಅವನು ಎಲ್ಲ ತೊಳೆದು ಅಳತೆಯಲ್ಲಿ ಜೋಡಿಸಿ ಇಡುವವ.”

ಸುಪ್ರೀತಾ ಪೆನ್ನು ಕೆಳಗಿಟ್ಟರು. “ಸರ್, ನಾನು ಇದನ್ನೇ ಎರಡು ವರ್ಷ ಓದಿದ್ದೇನೆ. ಇಷ್ಟು ಚಂದ ಮಾಡಿ ಯಾರೂ ಹೇಳ್ಲಿಲ್ಲ. ಹೇಗೆ ಕಲಿತದ್ದು ನೀವು?”

ಎಂಟನೆಯದೂ ಸರಿಯಾಗಿ, ಎಂಟಕ್ಕೆ ಎಂಟು ಬಂದ ಸಂತೋಷದಲ್ಲಿ ಜಿನೇಶ ಎಲ್ಲವನ್ನೂ ಹೇಳಿಬಿಟ್ಟ. ಇಯರ್‌ಫೋನು, ಬಸ್ಸು, ಸ್ಟಾಪು. ಬಾಗಿಲಲ್ಲಿದ್ದವರು ನಕ್ಕರು. ಸುಪ್ರೀತಾ ನಗಲಿಲ್ಲ. ಹೆಡ್‌ಮಿಸ್ಸರ ಹತ್ತಿರ ಮೆಲ್ಲಗೆ ಏನೋ ಹೇಳುತ್ತಾ ಹೋದರು. ಹೆಡ್‌ಮಿಸ್ಸರು ತಲೆಯಾಡಿಸುತ್ತಾ ಹೋದರು. “ಒಂದು ಹತ್ತು ನಿಮಿಷ ಹೊರಗೆ ಕೂತುಕೊಳ್ಳಿ,” ಎಂದರು.

ಹೊರಗಿನ ಬೆಂಚಿನಲ್ಲಿ ಕುಳಿತು ಜಿನೇಶ ತ್ರಿಶಾಳಿಗೆ ಫೋನ್ ಮಾಡಿದ. “ಪಾಸು! ಎಂಟಕ್ಕೆ ಎಂಟು! ನಿನ್ನ ಅಪ್ಪನಿಗೆ ಹೇಳು, ಕೋಣೆ ಬೇರೆ ಯಾರಿಗಾದ್ರೂ ಬಾಡಿಗೆಗೆ ಕೊಡಲಿ.” ಸಂಜೆ ಚುರುಮುರಿಗೆ ಈರುಳ್ಳಿ ಜಾಸ್ತಿ ಹಾಕಿಸಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಕರೆ ಬಂತು. ಒಳಗೆ ಹೋದ.

“ಅಭಿನಂದನೆ ಸರ್. ನೀವು ಮೂಡುಬಿದಿರೆಯಲ್ಲೇ,” ಎಂದರು ಹೆಡ್‌ಮಿಸ್. “ಎಲ್ಲಿಗೂ ವರ್ಗ ಇಲ್ಲ.”

“ಥ್ಯಾಂಕ್ಸ್ ಮೇಡಂ.”

“ಸುಪ್ರೀತಾ ಮೇಡಂ ಒಂದು ಒಳ್ಳೆ ವಿಚಾರ ಹೇಳಿದ್ರು. ನಿಮ್ಮ ಕ್ರಮ ತರಗತಿಯ ಒಳಗೆ ನಡೆಯುವಂಥದ್ದಲ್ಲ, ಬಸ್ಸಿನಲ್ಲೇ ಆಗಬೇಕು ಅಂತ. ನಮ್ಮ ಬೆಳ್ತಂಗಡಿ ಶಾಖೆ ಏಳನೆಯವರೆಗೆ ಮಾತ್ರ ಅಲ್ವಾ? ಒಂಬತ್ತನೆಯ ಮೂವತ್ತು ಮಕ್ಕಳು ಅಲ್ಲಿಂದ ದಿನಾ ಶಾಲೆ ಬಸ್ಸಿನಲ್ಲಿ ಇಲ್ಲಿಗೆ ಬರ್ತಾರೆ. ದಾರಿಯ ಗುರುವಾಯನಕೆರೆಯಲ್ಲಿ ಸ್ತೋತ್ರ, ವೇಣೂರಿನಲ್ಲಿ ಪಿಯಾನೋ. ಬರುವಾಗ ಪಾಠ, ಹೋಗುವಾಗ ಪುನರಾವರ್ತನೆ. ಸೋಮವಾರದಿಂದ ನೀವೇ ಆ ಬಸ್ಸಿನ ಇನ್‌ಚಾರ್ಜ್.”

ಜಿನೇಶನ ಬಾಯಿ ಬಂಟ್ವಾಳದಲ್ಲಿ ತೆರೆದು ಲೊರೆಟ್ಟೊದವರೆಗೆ ಮುಚ್ಚಲಿಲ್ಲ. “ಆ ಬಸ್ಸು... ಅಲ್ಲಿಂದ ಎಷ್ಟು ಹೊತ್ತಿಗೆ ಹೊರಡ್ತದೆ ಮೇಡಂ?”

“ಆರೂ ಮುಕ್ಕಾಲು.”

“ಬಿ.ಸಿ.ರೋಡಿನಿಂದ ಅಷ್ಟು ಬೇಗ ಹೋಗ್ಲಿಕ್ಕೆ...”

“ಆಗುದಿಲ್ಲ, ಗೊತ್ತುಂಟು. ಅದಕ್ಕೇ ನಿಮ್ಮ ಮಾವನವರಿಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ನನಗೆ ಅವರೇ ಹೆಡ್‌ಮಾಸ್ಟ್ರು. ಲೈನಲ್ಲೇ ಇದ್ದಾರೆ, ಮಾತಾಡಿ,” ಎಂದು ಹೆಡ್‌ಮಿಸ್ಸರು ಎದ್ದು ನಿಂತು ಫೋನ್ ಕೊಟ್ಟರು. ಹಳೆಯ ಹೆಡ್‌ಮಾಸ್ಟರರ ಜೊತೆ ಅವರು ಫೋನಿನಲ್ಲೂ ಕುಳಿತು ಮಾತಾಡುತ್ತಿರಲಿಲ್ಲ.

“ಅಳಿಯಂದಿರೇ, ಬಹಳ ಸಂತೋಷ,” ಎಂದರು ಪದ್ಮಯ್ಯ. “ಸಂಜೆ ಬಸ್ಸು ಐದೂವರೆಗೆ ಬೆಳ್ತಂಗಡಿ ಮುಟ್ಟುತ್ತದಂತೆ. ಐದೂ ಮುಕ್ಕಾಲಿಗೆ ಊಟ. ಹದಿನೈದು ನಿಮಿಷ ಧಾರಾಳವಾಯಿತು. ಮತ್ತೆ, ಬಸ್ಸಿನಲ್ಲಿ ಮಕ್ಕಳ ಶಿಸ್ತು ನೋಡ್ಲಿಕ್ಕೆ ಹಿರಿಯರೊಬ್ಬರು ಬೇಕೆಂದು ಪದ್ಮಲತಾ ಹೇಳಿದಳು. ನಾನು ಒಪ್ಪಿದ್ದೇನೆ. ನಿಮ್ಮ ಪಕ್ಕದ ಸೀಟೇ ಆಗಬಹುದು.”

ಜಿನೇಶ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದ.

“ಕೇಳಿಸ್ತದಾ? ಅಂದ ಹಾಗೆ ಪದ್ಮಲತಾ ಹೇಳಿದ ಆ ಆರ್ಗನ್ ಎಂಬುದು ಯಾವ ಶತಮಾನದ್ದು? ಈಗಲೇ ಬೇಡ. ಸೋಮವಾರ ತಿಂಡಿಗೆ ಕೂತಾಗ ಕೇಳ್ತೇನೆ.”