ಸಾಕಜ್ಜಿಯನ್ನು ಕೊಂದವನ ಪಾಡು

ನಟರಾಜು ಸಾಕಜ್ಜಿಯನ್ನು ಕೊಂದದ್ದು ಬುಧವಾರ. ಸುದ್ದಿ ಊರಿಗೆ ಗೊತ್ತಾದದ್ದು ಶುಕ್ರವಾರ ಬೆಳಿಗ್ಗೆ, ಪತ್ರಿಕೆ ಬಂದ ಮೇಲೆ. ನಡುವಿನ ಗುರುವಾರ ಅವನು ಹೊಟ್ಟೆ ತುಂಬ ಉಂಡು ಸೊಗಸಾಗಿ ನಿದ್ದೆ ಮಾಡಿದ್ದ. ಪಾಪ, ಮುಂದಿನದು ಅವನಿಗೇನು ಗೊತ್ತು.

ಗಾಬರಿಯಾಗಬೇಡಿ, ಸಾಕಜ್ಜಿ ಕಾಗದದ ಮೇಲಿನ ಅಜ್ಜಿ. ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದ ನಟರಾಜು ‘ತೀರ್ಥವಾಣಿ’ ಎಂಬ ವಾರಪತ್ರಿಕೆಗೆ ಒಂದು ಪುಟದ ಕಾಮಿಕ್ಸ್ ಬರೆಯುತ್ತಿದ್ದ. ಅದರ ಹೀರೋ ಸಿಡಿಲಣ್ಣ. ಸುಮ್ಮನಿದ್ದಾಗ ಬಸ್ ಕಂಡಕ್ಟರ್, ಜನಕ್ಕೆ ಆಪತ್ತು ಬಂದಾಗ ಕೈಯಿಂದ ಸಿಡಿಲು ಬಿಡುತ್ತ ಆಕಾಶದಲ್ಲಿ ಹಾರುವ ಮಹಾವೀರ. ಬೆನ್ನ ಮೇಲೆ ಪಟಪಟ ಹಾರಾಡುವ ಕೆಂಪು ಬಟ್ಟೆ ಮಾತ್ರ ಸಾಕಜ್ಜಿಯ ಹಳೆ ಸೀರೆ. ತಬ್ಬಲಿಯಾದ ಅವನನ್ನು ಸಾಕಿದವಳು ಅವಳು, ಅವನ ಗುಟ್ಟು ಬಲ್ಲವಳೂ ಅವಳೊಬ್ಬಳೇ. ಅವನು ವೀರನಹೊಸಹಳ್ಳಿಯ ಕಾಡಂಚಿನಲ್ಲಿ ದುಷ್ಟರನ್ನು ಬಡಿದು ಸುಸ್ತಾಗಿ ಬಂದರೆ, “ಮೊದ್ಲು ಕೈ ತೊಳ್ಕೊಳ್ಲಾ, ಸಿಡಿಲ್ ವಾಸ್ನೆ ಒಡೀತದೆ” ಎಂದು ಗದರಿ ಬಿಸಿ ಮುದ್ದೆ ಇಡುತ್ತಿದ್ದಳು.

ಕೆಟ್ಟದ್ದು ಅಲ್ಲೇ. ಓದುಗರಿಗೆ ಸಿಡಿಲಿಗಿಂತ ಮುದ್ದೆಯೇ ಹಿಡಿಸಿತು. “ಅಜ್ಜಿ ಬೈಗುಳ ಇನ್ನೊಂದಿಷ್ಟು ಬರ್ಲಿ ನಟರಾಜು” ಎಂದು ಸಂಪಾದಕ ಚಲುವಯ್ಯನವರು ವಾರವಾರವೂ ಹೇಳತೊಡಗಿದರು. ಅಜ್ಜಿಯ ಮಾತಿಗೇ ಜಾಗ ಸಾಲದಾಗಿ ಸಿಡಿಲಣ್ಣ ಪುಟದ ಮೂಲೆಗೆ ಸರಿದ. ಹೋದ ವಾರವಂತೂ ಅವನ ಒಂದು ಕಾಲು ಮಾತ್ರ ಅಚ್ಚಾಗಿತ್ತು. ಹೆತ್ತ ಮಗನನ್ನು ಪಂಕ್ತಿಯಿಂದ ಎಬ್ಬಿಸಿದಷ್ಟು ಸಂಕಟವಾಯಿತು ನಟರಾಜುವಿಗೆ.

ಪಕ್ಕದ ಮೊಬೈಲ್ ಅಂಗಡಿಯ ಕಿರಣ್‌ಕುಮಾರ್ ಫೋನಿನಲ್ಲಿ ಫಾರಿನ್ ಕಾಮಿಕ್ಸ್ ಓದಿ ಪಂಡಿತನಾದವನು.

“ಅಲ್ಲಿ ಇಂತಾ ಟೈಮಲ್ಲಿ ಏನ್ ಮಾಡ್ತಾರೆ ಗೊತ್ತೇನ್ಲಾ?” ಎಂದ. “ಜನಕ್ಕೆ ಯಾರು ಇಷ್ಟನೋ ಅವ್ರನ್ನೇ ಸಾಯ್ಸ್‌ಬುಡ್ತಾರೆ. ಗೆಳೆಯನೋ, ಕಟ್ಕೊಳೋ ಹುಡುಗೀನೋ. ಆಗ ಹೀರೋಗೆ ರೋಷ ಬತ್ತದೆ ನೋಡು, ಆಮೇಲೆ ಪೂರ್ತಿ ಪುಟ ಅವನ್ದೇ! ಆದ್ರೆ ಒಂದ್ ಇಸ್ಯ ಕಣ್ಲಾ, ಅಲ್ಲಿ ಸತ್ತೋರೆಲ್ಲ ಸ್ವಲ್ಪ ದಿನ ಬುಟ್ಟು ಎದ್ದು...”

ನಟರಾಜು ಆಗಲೇ ಎದ್ದು ಹೋಗಿದ್ದ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ನೊಳಗೆ ಅಡಗಿದ ಹೊಗೆರಾಯನೆಂಬ ದುಷ್ಟನಿಂದ ಮೊಮ್ಮಗನನ್ನು ಉಳಿಸಲು ಅಜ್ಜಿ ಒಳಗೆ ನುಗ್ಗಿದಳು, ಹೊರಗೆ ಬರಲಿಲ್ಲ. ಇಷ್ಟು ಬರೆಯುವುದರೊಳಗೆ ಪತ್ರಿಕೆಯಿಂದ ಫೋನಿನ ಮೇಲೆ ಫೋನು. ಕೊನೆಯ ಚಿತ್ರಕ್ಕೆ ವ್ಯವಧಾನವೇ ಇರಲಿಲ್ಲ. ಫ್ಲೆಕ್ಸ್ ಅಂಗಡಿಯವನಿಗೆ ಸಾವೆಂದರೆ ಗೊತ್ತಿರುವುದು ಒಂದೇ ನಮೂನೆ. ಕಂಪ್ಯೂಟರಿನಲ್ಲಿದ್ದ ಶ್ರದ್ಧಾಂಜಲಿ ಡಿಸೈನ್ ತೆಗೆದ. ಎರಡು ದೀಪ, ಒಂದು ಕಮಲ, ‘ನಮ್ಮ ಪ್ರೀತಿಯ ಅಜ್ಜಿ ಇನ್ನಿಲ್ಲ.’ ನಡುವೆ ಒಂದು ಫೋಟೋಕ್ಕೆ ಸ್ವಲ್ಪ ಬಣ್ಣ ಬಳಿದು ಕೂರಿಸಿದ.

ಆ ಫೋಟೋ ಅವನ ಅತ್ತೆಯದು.

ಹಾರನಹಳ್ಳಿಯ ಚಿಕ್ಕಬೀರಮ್ಮನೇ ಸಾಕಜ್ಜಿಗೆ ಮೂಲ. ಮೂಗಿನ ಪಕ್ಕದ ಮಚ್ಚೆಯೂ ಅವಳದೇ, ಬೈಗುಳವೂ ಅವಳದೇ. “ಗೋಡೆಗೆ ಬಣ್ಣ ಬಳಿಯೋನಿಗೆ ಮಗಳನ್ನ ಕೊಡ್ತೀಯೇನವ್ವ?” ಎಂದು, ಅವನಿನ್ನೂ ಗೋಡೆಯ ಮೇಲೆ ಜಾಹೀರಾತು ಬರೆಯುತ್ತಿದ್ದ ಕಾಲದಲ್ಲಿ, ನೆಂಟರೆಲ್ಲ ಮೂಗು ಮುರಿದಾಗ, “ಬಳೀಲಿ ಬುಡಿ, ಗೋಡೆ ಮಾಸ್ದಂಗೆ ಇರ್ತದಲ್ಲ” ಎಂದು ಪವಿತ್ರಳನ್ನು ಧಾರೆಯೆರೆದು ಕೊಟ್ಟವಳು ಅವಳು. ಆ ಋಣಕ್ಕೆ ಅವನು ಅವಳ ಮುಖವನ್ನು ಕಾಮಿಕ್ಸಿಗೆ ತಂದಿದ್ದ. ಅವಳೂ ಅಷ್ಟೇ, ಪತ್ರಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ತೋರಿಸುತ್ತಿದ್ದಳು. ಅಂಥವಳಿಗೆ ದೀಪ ಹಚ್ಚಿದ್ದು ತಪ್ಪೆಂದು ಬುಧವಾರದ ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಅವನು ಮನೆ ಬಿಡುವಾಗ ಪವಿತ್ರ, “ಅವ್ವ ಸೋಮವಾರದಿಂದ ಯಾಕೋ ಮಂಕಾಗವ್ಳಂತೆ ಕಣ್ರೀ. ಆಚೆಗೇ ಬರಲ್ವಂತೆ, ಬಂದ್ರೂ ತಲೆ ಮ್ಯಾಲೆ ಸೆರಗು. ಕೇಳುದ್ರೆ ಏನಿಲ್ಲ ಬುಡು ಅಂತಾಳೆ” ಎಂದಳು.

“ಬಿಸ್ಲು ಜಾಸ್ತಿ ಅಲ್ವಾ” ಎಂದು ನಟರಾಜು ಬೈಕ್ ಹತ್ತಿದ.

ಅಂಗಡಿಯ ಮುಂದೆ ಟೀ ಮಾರುವ ಮಾಯಮ್ಮ ಅವನನ್ನು ಕಂಡವಳೇ ಸ್ಟವ್ ಆರಿಸಿದಳು.

“ಟೀ ಇಲ್ಲ.”

“ಕುದೀತಾ ಇತ್ತಲ್ಲಮ್ಮ?”

“ಅಜ್ಜಿ ಸಾಯ್ಸಿದೋನಿಗೆ ಇಲ್ಲ. ಮುದ್ದೆ ಆಕಿದ್ ಕೈ ಕಣೋ ಅದು! ನಿಂಗೆ ಕರುಳು ಅನ್ನೋದು ಐತಾ?”

ಬೆಂಚಿನ ಮೇಲಿದ್ದವರೂ ಮುಖ ತಿರುಗಿಸಿದರು. ಶಟರ್ ಎತ್ತುವುದರೊಳಗೆ ಚಲುವಯ್ಯನವರ ಫೋನು. “ನಟರಾಜು, ಆಫೀಸಿಗೆ ಜನ ಬಂದು ಕೂತವ್ರೆ. ಒಬ್ಬಾಕೆ ತಿಥಿ ಯಾವತ್ತು ಅಂತ ಕೇಳ್ತಾವ್ರೆ. ಅಜ್ಜೀನ ಬದುಕ್ಸು, ಇಲ್ಲಾಂದ್ರೆ ನಿನ್ ಸಿಡಿಲಣ್ಣನ್ನೂ ಅವಳ ಜೊತೆಗೇ ಕಳಿಸ್ಬುಡ್ತೀನಿ!”

ನಟರಾಜು ಬೆವರು ಒರೆಸಿಕೊಳ್ಳುತ್ತಿದ್ದಂತೆ ಪವಿತ್ರಳ ಫೋನು ಬಂತು. ಅವಳು ಗೊಳೋ ಎಂದು ಅಳುತ್ತಿದ್ದಳು.

“ದೊಡ್ಡವ್ವ ಮಿರ್ಲೆಯಿಂದ ಫೋನ್ ಮಾಡಿದ್ಲು. ಅವ್ವ ಹೋಗ್‌ಬುಟ್ಲಂತೆ! ಎಲ್ಲ ಟೆಂಪೋ ಮಾಡ್ಕೊಂಡು ಒಂಟವ್ರಂತೆ. ಅವ್ವ ಫೋನ್ ಎತ್ತುತಾ ಇಲ್ಲ ಕಣ್ರೀ!”

ನಟರಾಜು ಹೊರಗೆ ಓಡಿಬಂದ. ಪಕ್ಕದ ಅಂಗಡಿಯಲ್ಲಿ ಕಿರಣ್‌ಕುಮಾರ್ ಅತ್ತು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. “ತಡ್ಕೊಳಕ್ಕಾಗ್ಲಿಲ್ಲ ಕಣ್ಲಾ, ಕೊನೇ ಚಿತ್ರ ಒಂದನ್ನ ಸ್ಟೇಟಸ್‌ಗೆ ಆಕ್ದೆ. ಓಂ ಶಾಂತಿ ಅಂತ.”

“ಕಾಮಿಕ್ಸು ಅಂತ ಬರ್ದಾ?”

“ಅದನ್ನೇನ್ ಬರೆಯೋದು, ಲೋಕಕ್ಕೇ ಗೊತ್ತಲ್ಲ!”

ಲೋಕಕ್ಕೆ ಗೊತ್ತಿರಬಹುದು, ‘ತೀರ್ಥವಾಣಿ’ ಬಾರದ ಮಿರ್ಲೆಗೆ ಗೊತ್ತಿರಲಿಲ್ಲ. ಆ ಚಿತ್ರ ಫೋನಿನಿಂದ ಫೋನಿಗೆ ಹಾರಿ ಕೆ.ಆರ್. ನಗರ ದಾಟಿತ್ತು. ನೆಂಟರು ಕಂಡದ್ದು ಎರಡು ದೀಪ, ಒಂದು ಕಮಲ, ನಡುವೆ ನಗುತ್ತಿರುವ ಚಿಕ್ಕಬೀರಮ್ಮ. ಇನ್ನೇನು ತಿಳಿದುಕೊಂಡಾರು?

ಹಾರನಹಳ್ಳಿಯ ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತ ಪವಿತ್ರ ಸುಮ್ಮನಿರಲಿಲ್ಲ. ಸ್ಟೇಟಸ್ಸಿನ ಕತೆ ಅವನ ಬಾಯಿಂದ ಕೇಳಿ ಅಳು ಎಲ್ಲೋ ನಡುದಾರಿಯಲ್ಲಿ ಸಿಟ್ಟಾಗಿತ್ತು.

“ನನ್ ಅವ್ವನ್ನ ಸಾಯ್ಸಾಕೆ ನಿಮ್ಗೆ ಕೈಯಾದ್ರೂ ಎಂಗ್ ಬಂತು?”

“ಅದು ಸಾಕಜ್ಜಿ ಕಣೇ.”

“ಮುಖ ಯಾರ್ದು?”

ಖಾಲಿ ರಸ್ತೆಯಲ್ಲಿ ನಟರಾಜು ಹಾರ್ನ್ ಒತ್ತಿದ. ಅತ್ತೆ ಬೈದರೆ ಬೈಸಿಕೊಳ್ಳಬಹುದು. ಆದರೆ ‘ಅಳಿಯನಿಗೆ ನಾನು ಇರೋದೇ ಬ್ಯಾಡ್ವಾಗಿತ್ತೇನೋ’ ಎಂದು ಅವಳು ಮನಸ್ಸಿನಲ್ಲಿ ಅಂದುಕೊಂಡರೆ? ಪವಿತ್ರ ಮತ್ತೆ ಮತ್ತೆ ಅವ್ವನಿಗೆ ಫೋನ್ ಮಾಡುತ್ತಿದ್ದಳು. ಅದು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಒಂದು ಗಳಿಗೆ ಅವನಿಗೇ ಅನುಮಾನ ಬಂತು, ತಾನು ಬರೆದದ್ದು ನಿಜವೇ ಆಗಿಬಿಟ್ಟಿದ್ದರೆ? ಬೈಕು ಅವನಿಗೆ ಗೊತ್ತಿಲ್ಲದೆಯೇ ಜೋರಾಯಿತು.

ಮನೆಯ ಮುಂದೆ ಜನವೋ ಜನ. ಟೆಂಪೋದಿಂದ ಇಳಿದ ಹಾರಗಳು ಜಗುಲಿಯ ಮೇಲೆ ಗುಡ್ಡೆ ಬಿದ್ದಿದ್ದವು. ಯಾರೋ ಚೇರು ತರಿಸಿದ್ದರು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು, ಕೂಗಿದರೆ ಉತ್ತರವಿಲ್ಲ. ಗಂಡಸರಿಬ್ಬರು ಹಾರೆ ಹಿಡಿದು ಮೀಟಲು ಜಾಗ ನೋಡುತ್ತಿದ್ದರು. ಹೊಸ್ತಿಲಿಗೆ ತಲೆಯಿಟ್ಟು ಅಳುತ್ತಿದ್ದವಳು ಚಿಕ್ಕಬೀರಮ್ಮನ ಅಕ್ಕ, ಮಿರ್ಲೆಯ ಪುಟ್ಟಸಿದ್ದಮ್ಮ. ತಾಯಿ ಮನೆಯ ತಾಮ್ರದ ಹಂಡೆ ಯಾರಿಗೆ ಸೇರಬೇಕೆಂದು ಜಗಳವಾಡಿ ಅಕ್ಕತಂಗಿಯರು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು.

“ಅಂಡೆ ನೀನೇ ಇಟ್ಕೊಬೋದಿತ್ತಲ್ಲೇ ನನ್ ತಂಗೀ! ನಂಗ್ಯಾಕೇ ಅಂಡೆ! ನಿನ್ನಂತೋಳು ಈ ಸೀಮೇಲಿ ಎಲ್ಲವ್ಳೇ!”

ಅವಳ ಅಳುವಿಗೆ ಮಿಕ್ಕವರೆಲ್ಲ ದನಿಗೂಡಿಸಿದರು. ನಟರಾಜು ಜನರನ್ನು ತಳ್ಳಿಕೊಂಡು ಹೋಗಿ ಬಾಗಿಲು ಬಡಿದ. “ಅತ್ತೆ! ನಾನು ನಟರಾಜು. ತಪ್ಪಾಯ್ತು ಅತ್ತೆ, ಬಾಗ್ಲು ತೆಗೀರಿ. ನೀವಿಲ್ದೆ ಇದ್ರೆ ನಾನು ಯಾರ್ ಅತ್ತೆ? ನಂಗೆ ಎಣ್ಣು ಕೊಟ್ಟೋರು ನೀವೊಬ್ರೇ...” ಎನ್ನುವಷ್ಟರಲ್ಲಿ ಮಾತು ನಿಂತು, ಮದುವೆಯಾದ ಮೇಲೆ ಮೊದಲ ಸಲ, ಆ ಜನರ ಮುಂದೆಯೇ ಅವನು ಬಿಕ್ಕಿ ಬಿಕ್ಕಿ ಅತ್ತ.

ಚಿಲಕ ಸದ್ದಾಯಿತು. ಎಣ್ಣೆಸ್ನಾನ ಮಾಡಿ ಒದ್ದೆ ತಲೆಗೆ ಟವೆಲ್ ಸುತ್ತಿದ್ದ ಚಿಕ್ಕಬೀರಮ್ಮ ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿದಳು.

“ಅಳಿಯಂದ್ರೂ ಅತ್ರಾ? ಸರಿ, ಎಲ್ರುದೂ ಆಯ್ತು. ಇನ್ ಸಾಕು ಬುಡಿ.”

ಹಾರೆ ಹಿಡಿದವನು ಹಾರೆ ಬಿಟ್ಟ, ಅದು ಅವನ ಕಾಲ ಮೇಲೆಯೇ ಬಿತ್ತು.

ಆಮೇಲೆ ಬಯಲಾದದ್ದು ಇಷ್ಟು. ಸೋಮವಾರ ತೆಂಗಿನ ಮರದ ಬುಡದಲ್ಲಿ ಚಿಕ್ಕಬೀರಮ್ಮನ ತಲೆಯನ್ನು ಕಾಗೆ ಮುಟ್ಟಿತ್ತು. ಕಾಗೆ ತಲೆ ಮುಟ್ಟಿದರೆ ಕಂಟಕ. ಅದು ಕಳೆಯಬೇಕಾದರೆ ಸತ್ತಳೆಂಬ ಸುಳ್ಳು ಸುದ್ದಿ ನೆಂಟರಿಗೆ ಮುಟ್ಟಿ, ಅವರು ನಿಜವೆಂದೇ ನಂಬಿ ಅಳಬೇಕು. ಹಿಂದೆಲ್ಲ ಯಾರಾದರೂ ಓಡಿಹೋಗಿ ಹೇಳಿಬರುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಫೋನು, ಹೇಳಿದ ಮರುಗಳಿಗೆಯೇ ವಿಚಾರಿಸಿಬಿಡುತ್ತಾರೆ.

“ಯಾರ್ ಕೈಲಿ ಏಳ್ಸಾನ? ನಾನ್ ಸತ್ತೆ ಅಂತ ನಾನೇ ಫೋನ್ ಮಾಡಾಕಾಯ್ತದಾ?” ಎಂದಳು ಚಿಕ್ಕಬೀರಮ್ಮ. “ಬೆಳಿಗ್ಗೆ ಪೇಪರ್ ನೋಡಿದ್ನಾ, ಅಷ್ಟರಲ್ಲಿ ಎಲ್ಲಾರ ಫೋನೂ ಬರಾಕ್ ಸುರುವಾಯ್ತು. ಸುದ್ದಿ ಅಬ್ಬಿದೆ ಅಂತ ಗೊತ್ತಾಯ್ತು. ಎತ್ತುದ್ರೆ ಬದುಕಿವ್ನಿ ಅಂತ ತಿಳ್ಕಬುಡ್ತಾರಲ್ಲ, ಚಿಲಕ ಆಕ್ಕೊಂಡು ಕೂತ್ಕಂಡೆ. ನನ್ ಕಷ್ಟ ಬಾಯ್ಬುಟ್ ಏಳ್ದಿದ್ರೂ ಅರ್ತ್ಕೊಂಡ ಅಳಿಯ ಕಣ್ರವ್ವ ಇವ್ರು!”

ನಟರಾಜು ಬಾಯಿ ತೆರೆದ. ಪವಿತ್ರ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ.

ಪುಟ್ಟಸಿದ್ದಮ್ಮ ಕೈಗೆ ಸಿಕ್ಕ ಹಾರದಿಂದಲೇ ತಂಗಿಗೆ ಎರಡು ಬಾರಿಸಿ, ಮತ್ತೆ ಅವಳನ್ನೇ ತಬ್ಬಿಕೊಂಡು ಅತ್ತು, “ಅಂಡೆ ಮಾತು ನಾನ್ ಆಡ್ಲಿಲ್ಲ ಅನ್ಕೊ” ಎಂದಳು. ಬಂದ ನೆಂಟರನ್ನು ಹಾಗೇ ಕಳಿಸುವುದುಂಟೇ? ಕೋಳಿ ಬಿತ್ತು, ಮುದ್ದೆ ಬೆಂದಿತು. ನಟರಾಜು ಜಗುಲಿಯ ಮೇಲೆ ಕೂತು ಮುಂದಿನ ವಾರದ ಪುಟವನ್ನು ಅಲ್ಲೇ ಬರೆದ. ಬ್ಯಾರನ್ ಬಾಗಿಲು ತೆರೆದು, ಕೆಮ್ಮುತ್ತ, ಮೈಯ ಬೂದಿ ಕೊಡವುತ್ತ ಸಾಕಜ್ಜಿ ಹೊರಗೆ ಬಂದಳು. ಅವನ ಎದೆಯ ಮೇಲಿಂದ ಚಪ್ಪಡಿ ಇಳಿದಂತಾಯಿತು. ಅತ್ತೆ ಮುನಿಯಲಿಲ್ಲ, ಬದುಕಿದ್ದಾಳೆ, ಹೊಗಳಿದ್ದಾಳೆ. ಇನ್ನು ಸಿಡಿಲಣ್ಣನಿಗೆ ಪುಟದಲ್ಲಿ ಅರ್ಧ ಕೊಟ್ಟರಾಯಿತು, ಯಾರು ಬೇಡವೆನ್ನುತ್ತಾರೆ?

ಸಂಜೆ ಅವನು ಹಾಯಾಗಿ ಸಿಳ್ಳೆ ಹಾಕುತ್ತ ಅಂಗಡಿಗೆ ಬಂದರೆ, ಮಾಯಮ್ಮ ಕೇಳದೆಯೇ ಟೀ ಹಿಡಿದು ನಿಂತಿದ್ದಳು. ಲೋಟದ ತುಂಬ ಕೆನೆ. ಬೆಂಚಿನ ಮೇಲೆ ಗುರುತಿಲ್ಲದ ಮುಖಗಳು. ಹಿಂದೆ ಕಿರಣ್‌ಕುಮಾರ್ ಹಲ್ಲು ಕಿರಿಯುತ್ತಿದ್ದ.

“ಪವಿತ್ರಕ್ಕ ಫೋನ್ ಮಾಡಿ ಎಲ್ಲ ಏಳುದ್ರು ಕಣ್ಲಾ. ಈ ಸಲ ಪೂರ್ತಿ ವಿವರ ಬರ್ದು ಸ್ಟೇಟಸ್ ಆಕಿವ್ನಿ. ಕಾಗೆ ಮುಟ್ದೋರು ನಿನ್ನ ನೋಡ್ಬೇಕು ಅಂತಾನೂ ಆಕಿವ್ನಿ.”

ಮಾಯಮ್ಮ ದನಿ ತಗ್ಗಿಸಿದಳು. “ಅಬ್ಬದ್ ದಿನ ನನ್ ತಲೆ ಮ್ಯಾಲೂ ಕಾಗೆ ಕೂತಿತ್ತು ಕಣಪ್ಪ, ಯಾರ್ಗೂ ಏಳಿರ್ಲಿಲ್ಲ. ಮುಂದ್ಲು ವಾರ ನನ್ನ ಸಾಯ್ಸು. ಒಗೇಲಿ ಮಾತ್ರ ಬ್ಯಾಡ, ನಂಗೆ ಕೆಮ್ಮು.”

“ಅವ್ರಾದ್ಮೇಲೆ ನಮ್ ಯಜಮಾನ್ರು” ಎಂದಳು ಬೆಂಚಿನ ಮೇಲಿದ್ದ ಒಬ್ಬಳು. “ಫೋಟೋ ತಂದಿವ್ನಿ.”

ಅಷ್ಟರಲ್ಲಿ ಚಲುವಯ್ಯನವರ ಫೋನು. ನಟರಾಜುವಿಗೆ ಜೀವ ಬಂದಂತಾಯಿತು. ಸಂಪಾದಕರಾದರೂ ಇದನ್ನು ನಿಲ್ಲಿಸಿಯಾರು.

“ನಟರಾಜು, ಪುಟ ಅವ್ರಿಗೇ ಬುಟ್ಟುಕೊಡು, ಪತ್ರಿಕೆ ಚೆನ್ನಾಗಿ ಓಡ್ತದೆ” ಎಂದರು ಅವರು. ಆಮೇಲೆ ಕೆಮ್ಮಿ, “ನನ್ ತಲೇಲಿ ಕೂದ್ಲಿಲ್ವಲ್ಲ, ಕಾಗೆ ಕೂತ್ರೆ ತಕ್ಷಣ ಗೊತ್ತಾಗ್ತದೆ. ಮೇಲ್ಗಡೆ ಮೂಲೇಲಿ ನಂದೂ ಒಂದು ಆಕು” ಎಂದರು.

ಮುಂದಿನ ಶುಕ್ರವಾರದ ‘ತೀರ್ಥವಾಣಿ’ಯಲ್ಲಿ ಸಾಕಜ್ಜಿ ಬೂದಿ ಕೊಡವಿಕೊಂಡು ಎದ್ದು ಬಂದಳು, ಜನ ನಿಟ್ಟುಸಿರು ಬಿಟ್ಟರು. ಉಳಿದ ಜಾಗದ ತುಂಬ ದೀಪ, ಕಮಲ ಮತ್ತು ಊರಿನವರ ಮುಖ. ಸಿಡಿಲಣ್ಣನಿಗೆ ಈ ಸಲವೂ ಜಾಗ ಸಾಲಲಿಲ್ಲ. ಪುಟದ ಕೆಳಮೂಲೆಯಲ್ಲಿ, ಹೂವಿನ ಹಾರ ಹಿಡಿದ ಅವನ ಕೈಯೊಂದು ಮಾತ್ರ ಅಚ್ಚಾಗಿತ್ತು.